ಫಾರ್ವರ್ಡ್ ಮೆಸೇಜಿನಲ್ಲಿ ಇಲ್ಲದ ಆರ್ಥರ್ ಆಶ್

ನಮ್ಮಲ್ಲಿ ತುಂಬಾ ಜನರಿಗೆ ಆರ್ಥರ್ ಆಶ್ ಅನ್ನೋ ಹೆಸರು ಪರಿಚಯ ಆಗಿದ್ದು ಟೆನಿಸ್ ನೋಡಿ ಅಲ್ಲ, ವಾಟ್ಸಾಪ್‌ನಲ್ಲಿ. ಬೆಳಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿ ಹೂವಿನ ಹಿಂದೆಯೇ ಬರುತ್ತಲ್ಲ, ಆ ಉದ್ದದ ಮೆಸೇಜು. ವಿಂಬಲ್ಡನ್ ಗೆದ್ದ ಆಟಗಾರನೊಬ್ಬನಿಗೆ ಆಪರೇಷನ್ ಸಮಯದಲ್ಲಿ ಕೊಟ್ಟ ರಕ್ತದಿಂದ ಏಡ್ಸ್ ಬಂತು, ದೇವರು ನಿಮಗೇ ಯಾಕೆ ಈ ಕಷ್ಟ ಕೊಟ್ಟ ಅಂತ ಅಭಿಮಾನಿಯೊಬ್ಬ ಕೇಳಿದ, ಕಪ್ ಎತ್ತಿದಾಗ ಕೇಳದ ಪ್ರಶ್ನೆಯನ್ನು ಈಗ ಯಾಕೆ ಕೇಳಲಿ ಅಂತ ಆಟಗಾರ ಸಮಾಧಾನದಿಂದ ಉತ್ತರ ಕೊಟ್ಟ. ಕೊನೆಗೆ ಕೈಮುಗಿದ ಎರಡು ಇಮೋಜಿ. ಅಷ್ಟೇ ಕಥೆ.

ಮೆಸೇಜು ಪೂರ್ತಿ ಸುಳ್ಳು ಅಂತ ನಾವು ಹೇಳ್ತಿಲ್ಲ. ಕಾಯಿಲೆ ಬಂದಿದ್ದು ನಿಜ, ರಕ್ತದಿಂದ ಬಂದಿದ್ದೂ ನಿಜ. ಅದನ್ನು ಅವರು ಧೈರ್ಯವಾಗಿ ಎದುರಿಸಿದ್ದೂ ನಿಜ. ಆದ್ರೆ ಅದನ್ನು ಓದಿದ ಮೇಲೆ ನಮ್ಮ ತಲೆಯಲ್ಲಿ ಉಳಿಯೋದು ಹಣೆಬರಹ ಅಂತ ಒಪ್ಪಿಕೊಂಡು ಸುಮ್ಮನಾದ ಒಬ್ಬ ಸಾಧು ಮನುಷ್ಯನ ಚಿತ್ರ. ನಿಜವಾದ ಆಶ್ ಸಾಯೋಕೆ ಐದು ತಿಂಗಳ ಮುಂಚೆ, ಅದೇ ಕಾಯಿಲೆ ಮೈಯಲ್ಲಿಟ್ಟುಕೊಂಡು, ಅಮೆರಿಕದ ಅಧ್ಯಕ್ಷರ ಮನೆ ಮುಂದೆ ಪ್ರತಿಭಟನೆ ಮಾಡಿ ಪೊಲೀಸರಿಂದ ಬಂಧನಕ್ಕೆ ಒಳಗಾಗಿದ್ದರು. ಈ ಎರಡು ಚಿತ್ರಗಳು ಒಂದಕ್ಕೊಂದು ಕೂಡೋದೇ ಇಲ್ಲ. ಆ ಮನುಷ್ಯ ಯಾರು ಅಂತ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೀವಿ.

ಆರ್ಥರ್ ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ. ಆಗಿನ ರಿಚ್ಮಂಡ್‌ನಲ್ಲಿ ಎಲ್ಲವೂ ಎರಡೆರಡು. ಬಿಳಿಯರಿಗೊಂದು ಶಾಲೆ, ಕಪ್ಪುಜನರಿಗೊಂದು ಶಾಲೆ. ಬಸ್ಸಿನಲ್ಲಿ ಮುಂದೆ ಬಿಳಿಯರು, ಹಿಂದೆ ಕಪ್ಪುಜನರು. ಇದೆಲ್ಲ ಬರೀ ರೂಢಿ ಆಗಿರಲಿಲ್ಲ, ಕಾನೂನೇ ಹಾಗಿತ್ತು. ಗುಲಾಮಗಿರಿ ಉಳಿಸಿಕೊಳ್ಳೋಕೆ ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳಿಗೆ ಇದೇ ಊರು ರಾಜಧಾನಿ ಆಗಿತ್ತು. ಆ ಯುದ್ಧದ ಸೇನಾಧಿಪತಿಗಳ ದೊಡ್ಡ ದೊಡ್ಡ ಪ್ರತಿಮೆಗಳು ಊರಿನ ಮಾನ್ಯುಮೆಂಟ್ ಅವೆನ್ಯೂ ಅನ್ನೋ ರಸ್ತೆಯಲ್ಲಿ ಸಾಲಾಗಿ ನಿಂತಿದ್ದವು. ಈ ರಸ್ತೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೆ.

ಆರ್ಥರ್ ಅವರ ತಂದೆ ಬ್ರೂಕ್ ಫೀಲ್ಡ್ ಅನ್ನೋ ಪಾರ್ಕಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಅದು ಕಪ್ಪುಜನರಿಗೆ ಅಂತಲೇ ಮೀಸಲಿದ್ದ ಪಾರ್ಕು. ಮನೆಯೂ ಪಾರ್ಕಿನ ಒಳಗೇ ಇತ್ತು. ಬಾಗಿಲು ತೆಗೆದರೆ ಈಜುಕೊಳ, ಬೇಸ್‌ಬಾಲ್ ಮೈದಾನ, ಟೆನಿಸ್ ಕೋರ್ಟು. ತೆಳ್ಳಗೆ ಕಡ್ಡಿಯ ಹಾಗಿದ್ದ ಹುಡುಗ. 1950ರಲ್ಲಿ ತಾಯಿ ಮ್ಯಾಟಿ ತೀರಿಕೊಂಡಾಗ ಅವನಿಗೆ ಇನ್ನೂ ಆರೇ ವರ್ಷ. ತಮ್ಮ ಜಾನಿ ಇನ್ನೂ ಚಿಕ್ಕವನು. ಇಬ್ಬರು ಗಂಡುಮಕ್ಕಳನ್ನು ಬೆಳೆಸೋ ಜವಾಬ್ದಾರಿ ತಂದೆಯ ಮೇಲೆ ಬಿತ್ತು. ಅವರು ಬಹಳ ಕಟ್ಟುನಿಟ್ಟಿನ ಮನುಷ್ಯ. ಶಾಲೆಯಿಂದ ಮನೆಗೆ ನಡೆದು ಬರೋಕೆ ಎಷ್ಟು ನಿಮಿಷ ಬೇಕು ಅಂತ ಲೆಕ್ಕ ಹಾಕಿಟ್ಟಿದ್ದರು, ಮಗ ಅಷ್ಟೇ ಹೊತ್ತಿಗೆ ಮನೆಯಲ್ಲಿರಬೇಕು. ಇದು ಬರೀ ಕೋಪಿಷ್ಠ ಅಪ್ಪನ ಶಿಸ್ತು ಅಂತ ನಮಗೆ ಮೊದಲು ಅನ್ನಿಸಿತ್ತು. ಆದ್ರೆ ಆ ಕಾಲದ ವರ್ಜೀನಿಯಾದಲ್ಲಿ ಒಬ್ಬ ಕಪ್ಪು ಹುಡುಗ ತಪ್ಪಾದ ಹೊತ್ತಿನಲ್ಲಿ ತಪ್ಪಾದ ಜಾಗದಲ್ಲಿ ಸಿಕ್ಕಿಬಿದ್ದರೆ ಏನು ಬೇಕಾದರೂ ಆಗಬಹುದಿತ್ತು. ಆ ಶಿಸ್ತಿನ ಒಳಗೆ ಒಂದು ಭಯ ಇತ್ತು.

ಪಾರ್ಕಿಗೆ ಆಡೋಕೆ ಬರುತ್ತಿದ್ದ ರಾನ್ ಚಾರಿಟಿ ಅನ್ನೋ ಕಾಲೇಜು ವಿದ್ಯಾರ್ಥಿ ಈ ಹುಡುಗನಿಗೆ ಮೊದಲು ರಾಕೆಟ್ ಹಿಡಿಯೋದು ಕಲಿಸಿದ. ಹುಡುಗ ಬೇಗ ಕಲಿತ. ಊರಿನ ಒಳ್ಳೆಯ ಕೋರ್ಟುಗಳಿದ್ದಿದ್ದು ಬಿಳಿಯರ ಬರ್ಡ್ ಪಾರ್ಕಿನಲ್ಲಿ, ಅಲ್ಲಿಗೆ ಇವನಿಗೆ ಪ್ರವೇಶ ಇಲ್ಲ. ಅದಕ್ಕೇ ಚಾರಿಟಿ ಅವನನ್ನು ಲಿಂಚ್‌ಬರ್ಗ್ ಅನ್ನೋ ಊರಿನ ಡಾ. ರಾಬರ್ಟ್ ವಾಲ್ಟರ್ ಜಾನ್ಸನ್ ಅವರ ಹತ್ತಿರ ಕರೆದುಕೊಂಡು ಹೋದ. ಜಾನ್ಸನ್ ವೃತ್ತಿಯಲ್ಲಿ ವೈದ್ಯರು. ಮನೆಯ ಹಿತ್ತಲಲ್ಲೇ ಟೆನಿಸ್ ಕೋರ್ಟ್ ಕಟ್ಟಿಸಿ, ಪ್ರತಿ ಬೇಸಿಗೆಯಲ್ಲೂ ಕಪ್ಪು ಮಕ್ಕಳಿಗೆ ತಮ್ಮ ಕೈಯಿಂದಲೇ ಖರ್ಚು ಮಾಡಿ ತರಬೇತಿ ಕೊಡುತ್ತಿದ್ದರು. 1957 ಮತ್ತು 1958ರಲ್ಲಿ ವಿಂಬಲ್ಡನ್ ಗೆದ್ದ ಆಲ್ಥಿಯಾ ಗಿಬ್ಸನ್ ಕೂಡ ಇವರ ಗರಡಿಯಲ್ಲೇ ಪಳಗಿದವರು.

ಅಲ್ಲಿ ಮೊದಮೊದಲು ಒಂದು ಜಗಳ ಆಯಿತು. ಚಾರಿಟಿ ಕಲಿಸಿದ್ದ ಹಾಗೆ ಬಿಟ್ಟು ಬೇರೆ ತರಹ ಆಡು ಅಂದಾಗ ಹುಡುಗ ಒಪ್ಪಲಿಲ್ಲ. ಡಾ. ಜಾನ್ಸನ್ ಅವನ ತಂದೆಗೆ ಫೋನ್ ಮಾಡಿದರು. ತಂದೆ ರಿಚ್ಮಂಡ್‌ನಿಂದ ಕಾರು ಓಡಿಸಿಕೊಂಡು ಬಂದು, ಇಲ್ಲಿ ಡಾಕ್ಟರ್ ಹೇಳಿದ ಹಾಗೆ ಕೇಳಬೇಕು ಅಂತ ಹೇಳಿ ಹೋದರು. ಅವತ್ತಿನಿಂದ ಹುಡುಗ ತುಟಿ ಪಿಟಕ್ ಅನ್ನಲಿಲ್ಲ.

ಡಾ. ಜಾನ್ಸನ್ ಅವರ ಕೆಲವು ನಿಯಮ ಓದಿದಾಗ ನಮಗೆ ಆಶ್ಚರ್ಯವೂ ಆಯಿತು, ಬೇಜಾರೂ ಆಯಿತು. ಎದುರಾಳಿ ಹೊಡೆದ ಬಾಲು ಗೆರೆಯಿಂದ ಎರಡು ಇಂಚು ಆಚೆ ಬಿದ್ದರೂ ಅದು ಒಳಗೇ ಬಿತ್ತು ಅಂತ ಆಡಬೇಕು. ಅಂಪೈರ್ ತಪ್ಪು ಮಾಡಿದರೂ ವಾದ ಮಾಡಬಾರದು. ರಾಕೆಟ್ ಎಸೆಯಬಾರದು. ಕೋಟು, ಶರ್ಟು, ಊಟದ ಟೇಬಲ್ಲಿನ ನಡವಳಿಕೆ ಎಲ್ಲವೂ ಅಚ್ಚುಕಟ್ಟಾಗಿರಬೇಕು. ಕಾರಣ ಸರಳ. ಬಿಳಿಯರ ಟೂರ್ನಮೆಂಟಿಗೆ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳೋದೇ ಅಪರೂಪ. ಒಂದು ಸಣ್ಣ ಗಲಾಟೆ ಆದರೂ ಸಾಕು, ಅದನ್ನೇ ನೆಪ ಮಾಡಿಕೊಂಡು ಎಲ್ಲರಿಗೂ ಬಾಗಿಲು ಮುಚ್ಚುತ್ತಾರೆ. ಹಾಗಾಗಿ ನೆಪವೇ ಸಿಗದ ಹಾಗೆ ಆಡಬೇಕು, ಆಡಿ ಗೆಲ್ಲಬೇಕು. ಆಶ್ ಅವರ ಮುಖದಲ್ಲಿ ಕೊನೆಯವರೆಗೂ ಕಾಣುತ್ತಿದ್ದ ಆ ಶಾಂತಿ ಹುಟ್ಟುಗುಣ ಅಲ್ಲ, ಹತ್ತು ವರ್ಷದ ಹುಡುಗನಾಗಿದ್ದಾಗಿಂದ ಪ್ರಾಕ್ಟೀಸ್ ಮಾಡಿಸಿದ್ದು.

ವರ್ಜೀನಿಯಾದಲ್ಲಿ ಚಳಿಗಾಲದಲ್ಲಿ ಆಡೋಕೆ ಒಳಾಂಗಣ ಕೋರ್ಟು ಕಪ್ಪುಜನರಿಗೆ ಸಿಗುತ್ತಿರಲಿಲ್ಲ. ಅದಕ್ಕಾಗಿಯೇ 1960ರಲ್ಲಿ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಆರ್ಥರ್ ಊರು ಬಿಟ್ಟು ದೂರದ ಸೇಂಟ್ ಲೂಯಿಸ್‌ಗೆ ಹೋದರು. ಅಲ್ಲಿ ಮರದ ನೆಲದ ಕೋರ್ಟಿನಲ್ಲಿ ಬಾಲು ಜಾರಿದ ಹಾಗೆ ವೇಗವಾಗಿ ಬರುತ್ತಿತ್ತು, ಇವರ ಸರ್ವ್ ಮತ್ತು ವಾಲಿ ಎರಡೂ ಚುರುಕಾದವು. ಮರುವರ್ಷ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ ಯುಸಿಎಲ್ಎಯಲ್ಲಿ, ಸ್ಕಾಲರ್‌ಶಿಪ್ ಸಿಕ್ಕಿತು. 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರ ಆದರು. 1965ರಲ್ಲಿ ಅಮೆರಿಕದ ಕಾಲೇಜುಗಳ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಓದನ್ನು ಕೈಬಿಡಲಿಲ್ಲ, 1966ರಲ್ಲಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಡಿಗ್ರಿ ಮುಗಿಸಿದರು.

ಹಾಗಂತ ಎಲ್ಲ ಬಾಗಿಲು ತೆರೆಯಿತು ಅಂತಲ್ಲ. ಕಾಲೇಜಿನಲ್ಲಿದ್ದಾಗ ಒಂದು ಖಾಸಗಿ ಕ್ಲಬ್ಬು ಟೂರ್ನಮೆಂಟಿಗೆ ಇವರ ಜೊತೆಯವರನ್ನು ಕರೆದು ಇವರನ್ನು ಮಾತ್ರ ಬಿಟ್ಟಿತು. ಆಶ್ ಅದನ್ನು ದೊಡ್ಡದು ಮಾಡದೆ ನುಂಗಿಕೊಂಡರು. ಅದೇ ಕಾಲದಲ್ಲಿ ದಕ್ಷಿಣದ ಊರುಗಳಲ್ಲಿ ಅವರದೇ ವಯಸ್ಸಿನ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೋಟೆಲುಗಳಲ್ಲಿ ಕೂತು ಏಟು ತಿನ್ನುತ್ತಿದ್ದರು, ಜೈಲಿಗೆ ಹೋಗುತ್ತಿದ್ದರು. ಇವರು ಬಿಳಿ ಬಟ್ಟೆ ತೊಟ್ಟು ಶ್ರೀಮಂತರ ಕ್ಲಬ್ಬುಗಳಲ್ಲಿ ಟೆನಿಸ್ ಆಡುತ್ತಿದ್ದರು. ನೀನು ನಮ್ಮ ಪರವಾಗಿ ಯಾಕೆ ಬಾಯಿ ಬಿಡಲ್ಲ ಅಂತ ಅವರದೇ ಜನ ಕೇಳಿದರು. ಆ ವರ್ಷಗಳ ಬಗ್ಗೆ ತಮಗೆ ಒಂದು ತಪ್ಪಿತಸ್ಥ ಭಾವನೆ ಇತ್ತು ಅಂತ ಆಶ್ ಮುಂದೆ ಒಪ್ಪಿಕೊಂಡಿದ್ದಾರೆ. ನಮಗೆ ಅವರು ಹತ್ತಿರ ಆಗಿದ್ದು ಇಲ್ಲೇ. ಹೀರೋಗಳು ಹುಟ್ಟಿದಾಗಲೇ ಹೀರೋ ಆಗಿರ್ತಾರೆ ಅನ್ನೋ ಕಥೆ ಇದಲ್ಲ.

ಡಿಗ್ರಿ ಆದ ಮೇಲೆ ಸೇನೆ ಸೇರಿದರು. ವೆಸ್ಟ್ ಪಾಯಿಂಟ್‌ನ ಮಿಲಿಟರಿ ಅಕಾಡೆಮಿಯಲ್ಲಿ ಡೇಟಾ ಪ್ರೊಸೆಸಿಂಗ್ ಕೆಲಸ, ಜೊತೆಗೆ ಟೆನಿಸ್ ಕಲಿಸೋದು. ಅದು ವಿಯೆಟ್ನಾಂ ಯುದ್ಧದ ಕಾಲ. ತಮ್ಮ ಜಾನಿ ನೌಕಾದಳದ ಮರೀನ್ ಪಡೆಯಲ್ಲಿದ್ದು ವಿಯೆಟ್ನಾಂಗೆ ಹೋಗಿದ್ದ. ಅಣ್ಣ ತಮ್ಮ ಇಬ್ಬರನ್ನೂ ಒಂದೇ ಸಮಯದಲ್ಲಿ ಯುದ್ಧಕ್ಕೆ ಕಳಿಸಲ್ಲ ಅನ್ನೋ ಪದ್ಧತಿ ಗೊತ್ತಿದ್ದ ಜಾನಿ, ತನ್ನ ಸರದಿ ಮುಗಿದರೂ ಇನ್ನೊಂದು ಸರದಿಗೆ ತಾನೇ ಹೆಸರು ಕೊಟ್ಟ. ಅಣ್ಣನನ್ನು ಕಳಿಸದೇ ಇರಲಿ, ಅವನು ಟೆನಿಸ್ ಆಡಲಿ ಅಂತ. ಇದು ಹೊರಗಿನ ಜನಕ್ಕೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ. ಆಶ್ ಗೆದ್ದ ಕಪ್ಪುಗಳ ಲೆಕ್ಕದಲ್ಲಿ ಈ ತಮ್ಮನ ಹೆಸರೂ ಇರಬೇಕು ಅಂತ ನಮಗೆ ಅನ್ನಿಸುತ್ತೆ.

1968 ಅಮೆರಿಕಕ್ಕೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆ, ಜೂನ್‌ನಲ್ಲಿ ರಾಬರ್ಟ್ ಕೆನಡಿ ಕೊಲೆ. ಆ ವರ್ಷದ ಮಾರ್ಚ್‌ನಲ್ಲೇ ಆಶ್ ವಾಷಿಂಗ್ಟನ್‌ನ ಒಂದು ಚರ್ಚಿನಲ್ಲಿ ಕಪ್ಪು ಆಟಗಾರರ ಜವಾಬ್ದಾರಿಯ ಬಗ್ಗೆ ಮೊದಲ ಬಾರಿಗೆ ಬಹಿರಂಗವಾಗಿ ಮಾತಾಡಿದ್ದರು. ಸಮವಸ್ತ್ರದಲ್ಲಿರೋ ಅಧಿಕಾರಿ ಹೀಗೆ ಮಾತಾಡಬಾರದು ಅಂತ ಸೇನೆ ಎಚ್ಚರಿಕೆ ಕೊಟ್ಟಿತು.

ಟೆನಿಸ್‌ಗೆ ಮಾತ್ರ ಅದು ದೊಡ್ಡ ಬದಲಾವಣೆಯ ವರ್ಷ. ಅಲ್ಲಿಯವರೆಗೆ ವಿಂಬಲ್ಡನ್ ತರಹದ ದೊಡ್ಡ ಟೂರ್ನಮೆಂಟುಗಳಲ್ಲಿ ಹವ್ಯಾಸಿಗಳು ಮಾತ್ರ ಆಡಬಹುದಿತ್ತು, ದುಡ್ಡಿಗೆ ಆಡುವ ಪ್ರೊಫೆಷನಲ್‌ಗಳಿಗೆ ಜಾಗ ಇರಲಿಲ್ಲ. 1968ರಿಂದ ಎಲ್ಲರಿಗೂ ಅವಕಾಶ ಕೊಟ್ಟರು, ಅದಕ್ಕೇ ಆಮೇಲಿನ ಕಾಲವನ್ನು ಓಪನ್ ಯುಗ ಅಂತ ಕರೆಯುತ್ತಾರೆ. ಮೊತ್ತಮೊದಲ ಯುಎಸ್ ಓಪನ್ ನ್ಯೂಯಾರ್ಕ್‌ನ ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆಯಿತು. ಫೈನಲ್‌ನಲ್ಲಿ ಲೆಫ್ಟಿನೆಂಟ್ ಆಶ್ ನೆದರ್ಲೆಂಡ್ಸ್‌ನ ಟಾಮ್ ಓಕರ್ ಅವರನ್ನು 14–12, 5–7, 6–3, 3–6, 6–3ರಿಂದ ಸೋಲಿಸಿದರು. ಬಹುಮಾನ 14,000 ಡಾಲರ್. ಆದ್ರೆ ಆಶ್ ಇನ್ನೂ ಹವ್ಯಾಸಿ, ಡೇವಿಸ್ ಕಪ್ ಆಡೋಕೆ ಹವ್ಯಾಸಿಯಾಗಿಯೇ ಉಳಿಯಬೇಕಿತ್ತು. ಹಾಗಾಗಿ ಆ ದುಡ್ಡು ಸೋತ ಓಕರ್ ಅವರಿಗೆ ಹೋಯಿತು. ಗೆದ್ದ ಆಶ್ ಕೈಗೆ ಬಂದಿದ್ದು ದಿನಕ್ಕೆ 20 ಡಾಲರ್ ಖರ್ಚಿನ ಭತ್ಯೆ. ಬಹುಮಾನ ಕೊಡುವಾಗ ಪಾರ್ಕ್ ನೋಡಿಕೊಳ್ಳುತ್ತಿದ್ದ ಅಪ್ಪ ಕೋರ್ಟಿಗೆ ಬಂದು ಮಗನ ಪಕ್ಕ ನಿಂತು ಅತ್ತರು.

ಸೇನೆಯಿಂದ ಬಿಡುಗಡೆ ಆದ ಮೇಲೆ 1969ರಲ್ಲಿ ಆಶ್ ಪ್ರೊಫೆಷನಲ್ ಆದರು. 1970ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಟಗಾರರಿಗೆ ತಮ್ಮದೇ ಸಂಘ ಬೇಕು ಅಂತ 1972ರಲ್ಲಿ ಎಟಿಪಿ ಹುಟ್ಟುಹಾಕಿದವರಲ್ಲಿ ಇವರೂ ಒಬ್ಬರು, 1974ರಲ್ಲಿ ಅದರ ಅಧ್ಯಕ್ಷರಾದರು. ನಾವು ಇವತ್ತು ಟಿವಿಯಲ್ಲಿ ನೋಡೋ ಎಟಿಪಿ ರ‍್ಯಾಂಕಿಂಗ್ ಇದೇ ಸಂಘದ್ದು. 1971ರಲ್ಲಿ ಆಫ್ರಿಕಾದ ಕ್ಯಾಮರೂನ್‌ಗೆ ಹೋದಾಗ ಅಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನ ಆಟ ನೋಡಿ, ಫ್ರಾನ್ಸಿನ ಟೆನಿಸ್ ಸಂಸ್ಥೆಯವರಿಗೆ ಹೇಳಿ ಅವನನ್ನು ಕರೆಸಿಕೊಳ್ಳುವ ಹಾಗೆ ಮಾಡಿದರು. ಆ ಹುಡುಗ ಯಾನಿಕ್ ನೋಆ, 1983ರಲ್ಲಿ ಫ್ರೆಂಚ್ ಓಪನ್ ಗೆದ್ದವನು.

ಈಗ ದಕ್ಷಿಣ ಆಫ್ರಿಕಾದ ವಿಷಯಕ್ಕೆ ಬರೋಣ. ಆ ದೇಶದಲ್ಲಿ ಆಗ ವರ್ಣಭೇದದ ಆಡಳಿತ. ಆಶ್ 1969ರಲ್ಲಿ ಅಲ್ಲಿಯ ಟೂರ್ನಮೆಂಟ್ ಆಡೋಕೆ ವೀಸಾ ಕೇಳಿದರು, ಕೊಡಲಿಲ್ಲ. ಮತ್ತೆ ಕೇಳಿದರು, ಮತ್ತೆ ಕೊಡಲಿಲ್ಲ. ಆ ದೇಶವನ್ನು ಟೆನಿಸ್‌ನಿಂದ ಹೊರಗೆ ಹಾಕಿ ಅಂತ ಒತ್ತಾಯ ಮಾಡಿದರು. 1970ರಲ್ಲಿ ದಕ್ಷಿಣ ಆಫ್ರಿಕಾ ಡೇವಿಸ್ ಕಪ್‌ನಿಂದ ಹೊರಗಾಯಿತು. ಕೊನೆಗೆ 1973ರಲ್ಲಿ ಇವರಿಗೆ ವೀಸಾ ಸಿಕ್ಕಿತು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಬಾರದು ಅಂತ ಷರತ್ತು ಹಾಕಿ ಜೊಹಾನ್ಸ್‌ಬರ್ಗ್‌ಗೆ ಹೋದರು. ಸಿಂಗಲ್ಸ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್ ಎದುರು ಸೋತರು. ಡಬಲ್ಸ್‌ನಲ್ಲಿ ಅದೇ ಟಾಮ್ ಓಕರ್ ಜೊತೆ ಸೇರಿ ಗೆದ್ದರು.

ಅಲ್ಲಿಗೆ ಹೋಗಿದ್ದು ಸರಿಯಾ ತಪ್ಪಾ ಅಂತ ಆಗಲೇ ಚರ್ಚೆ ಆಯಿತು. ನೀನು ಬಂದರೆ ಈ ಸರ್ಕಾರಕ್ಕೇ ಮರ್ಯಾದೆ ಸಿಗುತ್ತೆ ಅಂತ ಅಲ್ಲಿನ ಕೆಲವು ಕಪ್ಪುಜನರೇ ಬೈದರು. ಇನ್ನೊಂದು ಕಡೆ, ಅಲೆಕ್ಸಾಂಡ್ರಾ ಅನ್ನೋ ಬಡ ಬಡಾವಣೆಯ ಮಾರ್ಕ್ ಮಥಬಾನೆ ಅನ್ನೋ ಹುಡುಗ ಬಿಳಿಯರ ಎದುರು ತಲೆಯೆತ್ತಿ ನಡೆಯುವ ಕಪ್ಪು ಮನುಷ್ಯನನ್ನು ಕಂಡು ಬೆರಗಾದ. ಮುಂದೆ ಅವನು ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗಿ ಪ್ರಸಿದ್ಧ ಲೇಖಕನಾದ. ಇದೇ ಪ್ರಶ್ನೆ ನಮ್ಮ ದೇಶಕ್ಕೂ ಎದುರಾಯಿತು ಅನ್ನೋದು ನಮಗೆ ಗೊತ್ತೇ ಇರಲಿಲ್ಲ. 1974ರಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಇದ್ದ ಭಾರತ ತಂಡ ಡೇವಿಸ್ ಕಪ್ ಫೈನಲ್ ತಲುಪಿತು. ಎದುರಾಳಿ, ಅಷ್ಟರಲ್ಲಿ ಮತ್ತೆ ಒಳಗೆ ಬಂದಿದ್ದ ದಕ್ಷಿಣ ಆಫ್ರಿಕಾ. ಭಾರತ ಆಡಲ್ಲ ಅಂತ ಹೇಳಿ ಕಪ್ಪನ್ನೇ ಬಿಟ್ಟುಕೊಟ್ಟಿತು. ಭಾರತ ಹೊರಗೆ ನಿಂತು ವಿರೋಧ ಮಾಡಿತು, ಆಶ್ ಒಳಗೆ ಹೋಗಿ ನೋಡಿದರು. ಒಳಗೆ ಹೋಗಿ ಮಾತಾಡೋದರಿಂದ ಆ ಸರ್ಕಾರ ಬದಲಾಗಲ್ಲ ಅಂತ ಕೆಲವು ವರ್ಷದ ಮೇಲೆ ಅವರಿಗೂ ಅನ್ನಿಸಿತು, ಬಹಿಷ್ಕಾರದ ದಾರಿಗೇ ಬಂದರು. ಅಭಿಪ್ರಾಯ ಬದಲಾಯಿಸೋಕೆ ಅವರು ನಾಚಿಕೊಳ್ಳಲಿಲ್ಲ. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಸೇರಿ ವರ್ಣಭೇದದ ವಿರುದ್ಧ ಕಲಾವಿದರ ಮತ್ತು ಕ್ರೀಡಾಪಟುಗಳ ಸಂಘಟನೆ ಕಟ್ಟಿದರು. 1985ರ ಜನವರಿಯಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಮುಂದೆ ಪ್ರತಿಭಟಿಸಿ ಅರೆಸ್ಟ್ ಆದರು. ಆಗ ಅವರು ಅಮೆರಿಕದ ಡೇವಿಸ್ ಕಪ್ ತಂಡದ ಕ್ಯಾಪ್ಟನ್.

ಮಧ್ಯದಲ್ಲಿ ಒಂದು ಮ್ಯಾಚು ಬಿಟ್ಟುಬಂದಿದ್ದೀವಿ. 1975ರ ಜುಲೈ 5, ವಿಂಬಲ್ಡನ್ ಫೈನಲ್. ಎದುರಿಗೆ ಹಾಲಿ ಚಾಂಪಿಯನ್ ಜಿಮ್ಮಿ ಕಾನರ್ಸ್, 22 ವರ್ಷ, ಆ ಟೂರ್ನಮೆಂಟಿನಲ್ಲಿ ಒಂದು ಸೆಟ್ಟೂ ಸೋತಿರಲಿಲ್ಲ. ಆಶ್‌ಗೆ 32 ತುಂಬೋಕೆ ಐದೇ ದಿನ. ಅದಕ್ಕೂ ಮುಂಚೆ ಅವರು ಕಾನರ್ಸ್ ಅವರನ್ನು ಒಂದು ಸಲವೂ ಸೋಲಿಸಿರಲಿಲ್ಲ. ಸಾಲದ್ದಕ್ಕೆ ಕಾನರ್ಸ್ ಇವರ ಮೇಲೆ ಕೋರ್ಟಿನಲ್ಲಿ ಮಾನನಷ್ಟದ ಕೇಸು ಹಾಕಿದ್ದರು. ಆಶ್ ಏನೂ ಮಾತಾಡದೆ, ಎದೆ ಮೇಲೆ ಯುಎಸ್ಎ ಅಂತ ಬರೆದಿದ್ದ ಡೇವಿಸ್ ಕಪ್ ಜಾಕೆಟ್ ಹಾಕಿಕೊಂಡು ಕೋರ್ಟಿಗೆ ಇಳಿದರು. ದೇಶದ ತಂಡಕ್ಕೆ ಆಡದೆ ದೂರ ಉಳಿದಿದ್ದ ಕಾನರ್ಸ್‌ಗೆ ಅದೇ ಉತ್ತರ.

ಆ ಮ್ಯಾಚಿನ ಪ್ಲಾನ್ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಹಬ್ಬ. ಕಾನರ್ಸ್ ಆಟದ ಗುಟ್ಟು, ಎದುರಾಳಿಯ ವೇಗವನ್ನೇ ತಿರುಗಿಸಿ ಬಳಸಿಕೊಳ್ಳೋದು. ಜೋರಾಗಿ ಹೊಡೆದಷ್ಟೂ ಬಾಲು ಅಷ್ಟೇ ಜೋರಾಗಿ ವಾಪಸ್ ಬರುತ್ತೆ. ಆಶ್ ಆವರೆಗೆ ಜೋರಾಗಿ ಹೊಡೆಯೋಕೇ ಹೆಸರಾದವರು. ಹಿಂದಿನ ರಾತ್ರಿ ಗೆಳೆಯರ ಜೊತೆ ಕೂತು ಲೆಕ್ಕ ಹಾಕಿದರು. ವೇಗವನ್ನೇ ಕೊಡದಿದ್ದರೆ? ಬಾಲಿನಲ್ಲಿ ಎನರ್ಜಿಯೇ ಇಲ್ಲದಿದ್ದರೆ ಪೂರ್ತಿ ಎನರ್ಜಿಯನ್ನು ಕಾನರ್ಸ್ ತಾವೇ ಹಾಕಬೇಕು. ಅದರಲ್ಲೂ ಅವರ ಫೋರ್‌ಹ್ಯಾಂಡ್ ಕಡೆ ನಿಧಾನವಾಗಿ, ತಗ್ಗಾಗಿ ಬಾಲು ಹಾಕಿದರೆ ಅದನ್ನು ನೆಟ್ ದಾಟಿಸೋಕೆ ಎತ್ತಲೇಬೇಕು. ಟಾಪ್‌ಸ್ಪಿನ್ ಇಲ್ಲದೆ ಚಪ್ಪಟೆಯಾಗಿ ಜೋರಾಗಿ ಎತ್ತಿದರೆ ಬಾಲು ಹೊರಗೆ ಹೋಗುತ್ತೆ, ಎತ್ತದಿದ್ದರೆ ನೆಟ್ಟಿಗೆ ಬೀಳುತ್ತೆ. ಕಾನರ್ಸ್ ಎಡಗೈ ಆಟಗಾರ, ಬ್ಯಾಕ್‌ಹ್ಯಾಂಡ್ ಎರಡು ಕೈಯಲ್ಲಿ ಹೊಡೆಯುವವರು. ಎರಡು ಕೈ ಅಂದರೆ ಚಾಚುವ ದೂರ ಕಡಿಮೆ. ಅದಕ್ಕೆ ಸ್ಲೈಸ್ ಸರ್ವ್ ಮಾಡಿ ಆ ಕಡೆಗೆ ಹೊರಗೆಳೆಯೋದು, ಮುಂದೆ ಬಂದರೆ ತಲೆ ಮೇಲೆ ಲಾಬ್ ಹಾಕೋದು.

ಸ್ಕೋರು 6–1, 6–1. ನೋಡುತ್ತಿದ್ದವರಿಗೆ ನಂಬೋಕೇ ಆಗಲಿಲ್ಲ. ಮೂರನೇ ಸೆಟ್ ಕಾನರ್ಸ್ 7–5ರಿಂದ ಗೆದ್ದರು. ನಾಲ್ಕನೆಯದರಲ್ಲೂ ಕಾನರ್ಸ್ ಮುಂದಿದ್ದರು. ಅಂಥ ಹೊತ್ತಿನಲ್ಲಿ ಯಾರಿಗಾದರೂ ಹಳೇ ಅಭ್ಯಾಸಕ್ಕೆ ಮರಳಿ ಜೋರಾಗಿ ಹೊಡೆಯೋಣ ಅನ್ನಿಸುತ್ತೆ. ಆಶ್ ಪ್ಲಾನ್ ಬಿಡಲಿಲ್ಲ. ಗೇಮ್‌ಗಳ ನಡುವೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಧ್ಯಾನ ಮಾಡೋರ ಹಾಗೆ ಇರುತ್ತಿದ್ದರು. 6–4ಕ್ಕೆ ಮ್ಯಾಚ್ ಮುಗಿಯಿತು. ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕಪ್ಪು ಗಂಡಸು ಅವರು. ಡಾ. ಜಾನ್ಸನ್ ಕಲಿಸಿದ ತಾಳ್ಮೆ ಅಷ್ಟು ದಿನ ಒಂದು ಗುರಾಣಿ ಆಗಿತ್ತು. ಅವತ್ತು ಅದೇ ಆಯುಧ ಆಯಿತು.

1977ರಲ್ಲಿ ಫೋಟೋಗ್ರಾಫರ್ ಜೀನ್ ಮೂಟೂಸಾಮಿ ಅವರನ್ನು ಮದುವೆಯಾದರು. ಆ ಅಡ್ಡಹೆಸರು ಓದಿದ ಕೂಡಲೇ ನಮಗೆ ಏನೋ ಪರಿಚಯದ ಹಾಗೆ ಅನ್ನಿಸಿತು. ಜೀನ್ ಅವರ ತಂದೆಯ ಕಡೆಯವರ ಮೂಲ ಭಾರತ, ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದ ಮೂಲಕ ಅಮೆರಿಕ ಸೇರಿದವರು. ಮುತ್ತುಸ್ವಾಮಿ ಅನ್ನೋದು ಫ್ರೆಂಚ್ ಬಾಯಲ್ಲಿ ಹಾಗಾಗಿದೆ. ಅದೇ ವರ್ಷ ಆಶ್ ಒಂದು ದೊಡ್ಡ ಪತ್ರಿಕೆಯಲ್ಲಿ ಕಪ್ಪು ತಂದೆತಾಯಿಗಳಿಗೆ ಬಹಿರಂಗ ಪತ್ರ ಬರೆದರು. ಮಕ್ಕಳನ್ನು ಮೈದಾನಕ್ಕಿಂತ ಹೆಚ್ಚು ಹೊತ್ತು ಲೈಬ್ರರಿಗೆ ಕಳಿಸಿ ಅನ್ನೋದು ಅದರ ಸಾರ. ಸಾವಿರದಲ್ಲಿ ಒಬ್ಬನೂ ಚಾಂಪಿಯನ್ ಆಗಲ್ಲ, ಉಳಿದವರ ಗತಿ ಏನು ಅನ್ನೋದು ಅವರ ಚಿಂತೆ.

1979ರ ಜುಲೈನಲ್ಲಿ, 36ನೇ ವಯಸ್ಸಿಗೆ, ಆಶ್‌ಗೆ ಹಾರ್ಟ್ ಅಟ್ಯಾಕ್ ಆಯಿತು. ಸಿಗರೇಟ್ ಇಲ್ಲ, ಬೊಜ್ಜು ಇಲ್ಲ. ಮನೆತನದಿಂದ ಬಂದ ಹೃದಯದ ತೊಂದರೆ. ಡಿಸೆಂಬರ್‌ನಲ್ಲಿ ಬೈಪಾಸ್ ಆಯಿತು. 1980ರಲ್ಲಿ ಆಟದಿಂದ ನಿವೃತ್ತರಾದರು. ಆಮೇಲೆ ಡೇವಿಸ್ ಕಪ್ ತಂಡದ ಕ್ಯಾಪ್ಟನ್ ಆಗಿ 1981 ಮತ್ತು 1982ರಲ್ಲಿ ಅಮೆರಿಕಕ್ಕೆ ಕಪ್ ಗೆಲ್ಲಿಸಿಕೊಟ್ಟರು. ಒಂದು ಕಾಲೇಜಿನಲ್ಲಿ ಪಾಠ ಮಾಡೋಕೆ ಹೋದಾಗ ಕಪ್ಪು ಕ್ರೀಡಾಪಟುಗಳ ಚರಿತ್ರೆ ಬಗ್ಗೆ ಸರಿಯಾದ ಪುಸ್ತಕವೇ ಇಲ್ಲ ಅಂತ ಗೊತ್ತಾಯಿತು. ಇಲ್ಲದಿದ್ದರೆ ನಾವೇ ಬರೆಯೋಣ ಅಂತ ಕೂತರು. ಸ್ವಂತ ದುಡ್ಡು ಹಾಕಿ, ಸಂಶೋಧಕರನ್ನು ಇಟ್ಟುಕೊಂಡು, ವರ್ಷಗಟ್ಟಲೆ ದುಡಿದು 1988ರಲ್ಲಿ 'ಎ ಹಾರ್ಡ್ ರೋಡ್ ಟು ಗ್ಲೋರಿ' ಅನ್ನೋ ಮೂರು ಸಂಪುಟಗಳನ್ನು ಹೊರತಂದರು.

ಅದೇ 1988ರಲ್ಲಿ ಒಂದು ದಿನ ಬಲಗೈ ಮರಗಟ್ಟಿತು. ಮೆದುಳಿನ ಆಪರೇಷನ್ ಮಾಡಿದಾಗ ಒಂದು ಸೋಂಕು ಸಿಕ್ಕಿತು, ಅದರ ಹಿಂದೆ ಏಡ್ಸ್ ಇತ್ತು. 1983ರಲ್ಲಿ ಎರಡನೇ ಸಲ ಹೃದಯದ ಆಪರೇಷನ್ ಆದಾಗ ಕೊಟ್ಟ ರಕ್ತದಿಂದ ಬಂದಿದ್ದು. ದಾನದ ರಕ್ತದಲ್ಲಿ ಎಚ್‌ಐವಿ ಇದೆಯಾ ಅಂತ ನೋಡೋ ಪರೀಕ್ಷೆ ಬಳಕೆಗೆ ಬಂದಿದ್ದು 1985ರಲ್ಲಿ. ಬರೀ ಎರಡು ವರ್ಷದ ಅಂತರ. ಹೆಂಡತಿಗೆ, 1986ರಲ್ಲಿ ಹುಟ್ಟಿದ ಮಗಳು ಕ್ಯಾಮೆರಾಗೆ ಸೋಂಕು ಇರಲಿಲ್ಲ ಅನ್ನೋದೇ ಸಮಾಧಾನ. ಅಮ್ಮ ಫೋಟೋಗ್ರಾಫರ್, ಅದಕ್ಕೇ ಮಗಳಿಗೆ ಆ ಹೆಸರು.

ವಿಷಯವನ್ನು ಅವರು ಹತ್ತಿರದವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆಗ ಏಡ್ಸ್ ಅಂದರೆ ಜನ ಮುಟ್ಟೋಕೂ ಹೆದರುತ್ತಿದ್ದ ಕಾಲ. ಪುಟ್ಟ ಮಗಳು ಶಾಲೆಗೆ ಹೋಗಬೇಕಿತ್ತು. 1992ರ ಏಪ್ರಿಲ್‌ನಲ್ಲಿ ಒಂದು ಪತ್ರಿಕೆಗೆ ಸುಳಿವು ಸಿಕ್ಕಿ ಅವರನ್ನೇ ಫೋನ್ ಮಾಡಿ ಕೇಳಿದರು. ಅವರು ಪ್ರಕಟಿಸುವ ಮುಂಚೆ ತಾವೇ ಹೇಳಿಬಿಡೋಣ ಅಂತ ಏಪ್ರಿಲ್ 8ರಂದು ಪತ್ರಿಕಾಗೋಷ್ಠಿ ಕರೆದರು. ಎಲ್ಲವನ್ನೂ ಸಮಾಧಾನವಾಗಿ ಓದುತ್ತಾ ಹೋದವರು ಮಗಳ ವಿಷಯ ಬಂದಾಗ ತಡೆದರು, ಮಾತು ಹೊರಡಲಿಲ್ಲ. ಜೀನ್ ಎದ್ದು ಬಂದು ಆ ಭಾಗವನ್ನು ತಾವು ಓದಿದರು. ತನ್ನ ಕಾಯಿಲೆಯನ್ನು ಹೇಳಬೇಕೋ ಬೇಡವೋ ಅನ್ನೋ ಹಕ್ಕನ್ನು ತನ್ನಿಂದ ಕಿತ್ತುಕೊಂಡರು ಅನ್ನೋ ಸಿಟ್ಟು ಅವರಿಗೆ ಕೊನೆವರೆಗೂ ಇತ್ತು. ಫಾರ್ವರ್ಡ್ ಮೆಸೇಜಿನಲ್ಲಿ ಈ ಸಿಟ್ಟು ಇಲ್ಲ.

ಅಲ್ಲಿಂದ ಅವರು ಬದುಕಿದ್ದು ಹತ್ತು ತಿಂಗಳು. ಆ ಹತ್ತು ತಿಂಗಳಲ್ಲಿ ಏನೇನು ಮಾಡಿದರು ಅಂತ ಪಟ್ಟಿ ಮಾಡಿದರೆ ನಮಗೇ ನಾಚಿಕೆ ಆಗುತ್ತೆ. ಏಡ್ಸ್ ವಿರುದ್ಧ ಹೋರಾಡೋಕೆ ಒಂದು ಪ್ರತಿಷ್ಠಾನ ಕಟ್ಟಿ ಹಣ ಸಂಗ್ರಹಕ್ಕೆ ಇಳಿದರು. ಹೈಟಿ ದೇಶದಿಂದ ದೋಣಿಗಳಲ್ಲಿ ಓಡಿಬರುತ್ತಿದ್ದ ನಿರಾಶ್ರಿತರ ಅಹವಾಲನ್ನೂ ಕೇಳದೆ ಅಮೆರಿಕ ಸಮುದ್ರದಿಂದಲೇ ವಾಪಸ್ ಕಳಿಸುತ್ತಿತ್ತು. ಅದರ ವಿರುದ್ಧ 1992ರ ಸೆಪ್ಟೆಂಬರ್ 9ರಂದು ಶ್ವೇತಭವನದ ಮುಂದೆ ನಿಂತು ಅರೆಸ್ಟ್ ಆದರು. ಅದಾಗಿ ಸ್ವಲ್ಪದರಲ್ಲೇ ಮತ್ತೆ ಹಾರ್ಟ್ ಅಟ್ಯಾಕ್. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಆತ್ಮಕಥೆ 'ಡೇಸ್ ಆಫ್ ಗ್ರೇಸ್' ಬರೆದು ಮುಗಿಸಿದರು, ಅದರ ಕೊನೆಯ ಅಧ್ಯಾಯ ಮಗಳಿಗೆ ಬರೆದ ಪತ್ರ. ಏಡ್ಸ್‌ಗಿಂತ ಕಪ್ಪು ಬಣ್ಣದ ಮನುಷ್ಯನಾಗಿ ಬದುಕೋದೇ ತನಗೆ ಹೆಚ್ಚು ಭಾರ ಆಗಿತ್ತು ಅನ್ನೋ ಮಾತನ್ನೂ ಅವರು ಮುಚ್ಚಿಡದೆ ಹೇಳಿದ್ದಾರೆ. 1993ರ ಫೆಬ್ರವರಿ 6ರಂದು ನ್ಯುಮೋನಿಯಾ ಆಗಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ವಯಸ್ಸು 49.

ಯಾವ ಊರಿನ ಕೋರ್ಟಿನಲ್ಲಿ ಆಡೋಕೆ ಬಿಡಲಿಲ್ಲವೋ ಅದೇ ರಿಚ್ಮಂಡ್‌ನಲ್ಲಿ ಗವರ್ನರ್ ನಿವಾಸದಲ್ಲಿ ಅವರ ದೇಹವನ್ನು ಅಂತಿಮ ದರ್ಶನಕ್ಕೆ ಇಟ್ಟರು. ಸಾವಿರಾರು ಜನ ಸಾಲಿನಲ್ಲಿ ನಿಂತು ನೋಡಿದರು. ಆಗಿನ ಗವರ್ನರ್ ಡಗ್ಲಾಸ್ ವೈಲ್ಡರ್ ಕೂಡ ಕಪ್ಪು ಜನಾಂಗದವರು. ಆರು ವರ್ಷದವನಿದ್ದಾಗ ಕಳೆದುಕೊಂಡ ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. 1996ರಲ್ಲಿ ಮಾನ್ಯುಮೆಂಟ್ ಅವೆನ್ಯೂನಲ್ಲಿ, ಆ ಸೇನಾಧಿಪತಿಗಳ ಸಾಲಿನಲ್ಲೇ, ಆಶ್ ಪ್ರತಿಮೆ ನಿಲ್ಲಿಸಿದರು. ಒಂದು ಕೈಯಲ್ಲಿ ಪುಸ್ತಕ, ಒಂದು ಕೈಯಲ್ಲಿ ರಾಕೆಟ್, ಸುತ್ತ ಮಕ್ಕಳು. ಇಲ್ಲಿ ಬೇಡ ಅಂತ ಆಗ ಬೇಕಾದಷ್ಟು ಜಗಳ ಆಗಿತ್ತು. 2020 ಮತ್ತು 2021ರಲ್ಲಿ ಆ ಸೇನಾಧಿಪತಿಗಳ ಪ್ರತಿಮೆಗಳನ್ನು ಒಂದೊಂದಾಗಿ ತೆಗೆದುಹಾಕಿದರು. ಆಶ್ ಅಲ್ಲೇ ನಿಂತಿದ್ದಾರೆ. ಯುಎಸ್ ಓಪನ್ ಫೈನಲ್ ನಡೆಯೋ ದೊಡ್ಡ ಕ್ರೀಡಾಂಗಣಕ್ಕೂ 1997ರಿಂದ ಅವರದೇ ಹೆಸರು.

ಇಷ್ಟೆಲ್ಲ ತಿಳಿದ ಮೇಲೆ ಆ ಮೆಸೇಜು ನಮಗೆ ಸ್ವಲ್ಪ ಅನ್ಯಾಯ ಅನ್ನಿಸುತ್ತೆ. ತನಗೆ ಬಂದ ಕಷ್ಟಕ್ಕೆ ನಾನೇ ಯಾಕೆ ಅಂತ ಅವರು ಕೇಳದೇ ಇರಬಹುದು. ಆದ್ರೆ ಬರ್ಡ್ ಪಾರ್ಕಿನ ಮಕ್ಕಳಿಗೆ, ಜೊಹಾನ್ಸ್‌ಬರ್ಗಿನ ಜನರಿಗೆ, ಹೈಟಿಯ ದೋಣಿಗಳಲ್ಲಿ ಇದ್ದವರಿಗೆ ಹೀಗೆ ಯಾಕೆ ಮಾಡ್ತೀರಿ ಅಂತ ಕೇಳುತ್ತಲೇ ಇದ್ದರು. ಜೋರಾಗಿ ಕೂಗದೆ, ಅವತ್ತಿನ ವಿಂಬಲ್ಡನ್ ಬಾಲಿನ ಹಾಗೆ ನಿಧಾನವಾಗಿ, ತಗ್ಗಾಗಿ, ತಪ್ಪಿಸಿಕೊಳ್ಳೋಕೆ ಆಗದ ಜಾಗಕ್ಕೆ. ಮುಂದಿನ ಸಲ ಗುಲಾಬಿ ಹೂವಿನ ಹಿಂದೆ ಆ ಮೆಸೇಜು ಬಂದರೆ ಕೈಮುಗಿದ ಇಮೋಜಿ ಹಾಕೋ ಬದಲು ಈ ಬರಹವನ್ನೇ ಗ್ರೂಪಿಗೆ ಹಾಕೋದು ಅಂತ ನಾವು ಮಾತಾಡಿಕೊಂಡಿದ್ದೀವಿ. ದೊಡ್ಡಪ್ಪ ಪೂರ್ತಿ ಓದ್ತಾರಾ ಇಲ್ವಾ, ನೋಡೋಣ.